ಇಳಿಯದ ಕೆಂಪು

ನಮ್ಮೂರಿನಲ್ಲಿ ಹೆಣ್ಣಿನ ಕೆನ್ನೆ ಕೆಂಪಾಯಿತೆಂದು ಯಾರೂ ಹೊಗಳುವುದಿಲ್ಲ. ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಹೋಗಿ ಗಾಳಿಗೆ ನಿಲ್ಲಿಸುತ್ತಾರೆ. ಗಂಡಸಾದರೂ ಅಷ್ಟೇ, ಊರ ಹಿರಿಯನಾದರೂ ಅಷ್ಟೇ. ಕೆಂಪಾದ ಕೆನ್ನೆಯನ್ನು ಮೊದಲು ಕಂಡವರು ‘ಕೆಂಪು!’ ಎಂದು ಕೂಗಬೇಕು. ಕೂಗು ಕೇಳಿದ ಓಣಿಯವರೆಲ್ಲ ಕೈಯಲ್ಲಿದ್ದದ್ದನ್ನು ಬಿಟ್ಟು, ಒಲೆಗೆ ನೀರು ಹೊಯ್ದು, ಊರ ಮಗ್ಗುಲಿನ ದಿಬ್ಬ ಹತ್ತಬೇಕು. ಅಲ್ಲಿ ನಿಂತ ಎಲ್ಲರ ಕೆನ್ನೆಯೂ ಮೊದಲಿನ ಬಣ್ಣಕ್ಕೆ ಇಳಿಯುವವರೆಗೆ ಒಬ್ಬರೂ ಮನೆಯೊಳಗೆ ಕಾಲಿಡುವಂತಿಲ್ಲ. ಇದು ಕಟ್ಟಳೆ. ಸ್ನಾನ ಅರ್ಧಕ್ಕೆ ಬಿಟ್ಟು ಸೋಪಿನ ಮೈಯಲ್ಲೇ ದಿಬ್ಬ ಹತ್ತಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ.

ಎಲ್ಲಕ್ಕೂ ಕಾರಣ ಕಳ್ಳಗಾಳಿ. ನಮ್ಮೂರು ಇರುವುದು ತಗ್ಗಿನಲ್ಲಿ. ಯಾವ ಒಲೆ ಹೊತ್ತಿಸಿದರೂ ಕಳ್ಳಗಾಳಿ ಏಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಹೊಗೆಯ ಹಾಗೆ ಕೆಮ್ಮಿಸಿ ಬರುವ ಮರ್ಯಾದೆಯೂ ಇಲ್ಲ. ಸದ್ದಿಲ್ಲದೆ ಬಂದು ಪಕ್ಕದಲ್ಲಿ ಕೂತು, ತಲೆ ಹಗುರ ಮಾಡಿ, ಕೆನ್ನೆಗೆ ತೊಂಡೆಹಣ್ಣಿನ ಬಣ್ಣ ಬಳಿದು, ಮನುಷ್ಯನನ್ನು ಕೂತಲ್ಲೇ ಮಲಗಿಸಿಬಿಡುತ್ತದೆ. ಹಾಗೆ ಮಲಗಿದವರು ಏಳುವುದಿಲ್ಲ. ಬಯಲಿನಲ್ಲಿ ಒಲೆ ಹೂಡಿ ಎಂದು ಬುದ್ಧಿ ಹೇಳಲು ಬರಬೇಡಿ. ನಮ್ಮಲ್ಲಿ ಬೀಸುವ ಗಾಳಿ ಬೆಂಕಿಯ ಜೊತೆಗೆ ಪಾತ್ರೆಯನ್ನೂ ಹೊತ್ತುಕೊಂಡು ಹೋಗುತ್ತದೆ. ಅದಕ್ಕೇ ಬಾಗಿಲು ಕಿಟಕಿ ಬಿಗಿಯಾಗಿ ಹಾಕಿಕೊಂಡು ಒಳಗೇ ಬೇಯಿಸುತ್ತೇವೆ, ಕಳ್ಳಗಾಳಿಯನ್ನು ಅಡಗಿಸಲು ಒಲೆಯ ನೆತ್ತಿಯ ಮೇಲೆ ಜೋಡಿಬಿಲ್ಲೆ ತೂಗುಹಾಕುತ್ತೇವೆ.

ಜೋಡಿಬಿಲ್ಲೆ ಅಂಗೈಯಗಲದ ಸುಟ್ಟಮಣ್ಣಿನ ಬಿಲ್ಲೆ. ಅದರ ಮೈತುಂಬ ಬಂಗಾರ ಮತ್ತು ತಾಮ್ರದ ಪುಡಿ ಕೂತಿರುತ್ತದೆ. ಪುಡಿಯೆಂದರೆ ಎಂಥ ಪುಡಿ! ಜೋಳದ ಹಿಟ್ಟು ಅದರ ಮುಂದೆ ಜಲ್ಲಿಕಲ್ಲು. ಅಷ್ಟು ಸಣ್ಣದಾದ ಬಂಗಾರಕ್ಕೆ ಹಳದಿ ಬಣ್ಣವೂ ಉಳಿಯುವುದಿಲ್ಲ, ನೇರಳೆಹಣ್ಣು ತಿಂದ ನಾಲಗೆಯ ಹಾಗೆ ಕಾಣುತ್ತದೆ; ತಾಮ್ರ ಕಾವಿಗೆ ಕಪ್ಪಾಗಿರುತ್ತದೆ. ಮದುವೆಯಲ್ಲಿ ಹೆಣ್ಣಿನ ಕಡೆಯವರು ಸಾಸಿವೆ ಕಾಳಿನಷ್ಟು ಬಂಗಾರ ತರುತ್ತಾರೆ, ಗಂಡಿನ ಕಡೆಯವರು ಅಷ್ಟೇ ತಾಮ್ರ ತರುತ್ತಾರೆ. ಬಿಲ್ಲೆ ಮಾಡುವವನು ಎರಡನ್ನೂ ಲೋಹ ತಿನ್ನುವ ಉರಿನೀರಿನಲ್ಲಿ ಕರಗಿಸಿ, ಬಿಲ್ಲೆಗೆ ಕುಡಿಸಿ, ಸಣ್ಣ ಕಾವಿನಲ್ಲಿ ಬೇಯಿಸುತ್ತಾನೆ. ಒಂದು ಮದುವೆಗೆ ಒಂದು ಬಿಲ್ಲೆ. ಆಮೇಲೆ ಅದನ್ನು ಯಾರೂ ಕೈಯಿಂದ ಮುಟ್ಟುವುದಿಲ್ಲ. ಸೋಮವಾರ ಸೋಮವಾರ ಮನೆಮಂದಿ ಅದರ ಮುಂದೆ ನಿಂತು ‘ಹಾ’ ಎಂದು ಉಸಿರು ಬಿಡುತ್ತೇವೆ, ಅದೇ ಅದರ ಸ್ನಾನ. ಮೈಮೇಲೆ ಬಂಗಾರ ಹಾಕುವ ರೂಢಿ ನಮ್ಮಲ್ಲಿಲ್ಲ. ಕಣ್ಣಿಗೆ ಕಾಣುವಷ್ಟು ದಪ್ಪವಿದ್ದರೆ ಅದು ದಡ್ಡ ಬಂಗಾರ, ಗಟ್ಟಿಯಾದಷ್ಟೂ ಮೈಗಳ್ಳ. ಒಮ್ಮೆ ಪರವೂರಿನ ಹೆಣ್ಣುಮಗಳೊಬ್ಬಳು ಕೊರಳ ತುಂಬ ಸರ ಹಾಕಿಕೊಂಡು ಬಂದಾಗ ನಮ್ಮ ನೆರೆಮನೆಯ ದುಂಡವ್ವ ಕಣ್ಣಲ್ಲಿ ನೀರು ತಂದುಕೊಂಡಳು. “ಅಯ್ಯ ಪಾಪ, ಅಷ್ಟೂ ಬಂಗಾರ ಕೆಲಸಿಲ್ದ ಕುಂತೈತೆಲ್ಲ!”

ನಾನು ತಂಗೆವ್ವ. ಚುರುಮುರಿ ಭಟ್ಟಿ ನನ್ನದು. ಮನೆಯ ಹಿತ್ತಲಲ್ಲಿ ಮೂರು ಕಡೆ ಗೋಡೆ, ಒಂದು ಕಡೆ ಬಯಲು ಇರುವ ದೊಡ್ಡ ಚಪ್ಪರ. ಅಲ್ಲಿ ಕಾದ ಉಸುಕಿನಲ್ಲಿ ಅಕ್ಕಿ ಹುರಿದು ಅರಳಿಸುತ್ತೇವೆ. ಊರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದ್ದೇನೆ. ಮಾಸ್ತರರು ಮುಂದೆ ಓದಿಸಿ ಎಂದರು, ಅವರೊಂದಿಗೇ ಜಗಳವಾಗಿ ಬಿಟ್ಟೆ. ನನಗೆ ಸಿಟ್ಟು ಬೇಗ ಬರುತ್ತದೆ. ತಡವಾಗಿ ಬರುವ ಸಿಟ್ಟಿನಿಂದ ಯಾರಿಗೇನು ಉಪಯೋಗ? ನನ್ನ ಗಂಡ ಗೂಳಪ್ಪ ಇದಕ್ಕೆ ತದ್ವಿರುದ್ಧ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಮನುಷ್ಯ, ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮೆಯಿಲ್ಲ. ನಮ್ಮ ಜೊತೆ ನನ್ನ ತಮ್ಮ ಯಮನಪ್ಪ ಇದ್ದ. ಹೆಸರು ಯಮನದಾದರೂ ಹೆಣ್ಣುಮಕ್ಕಳು ಎದುರು ಬಂದರೆ ಇಲಿಯ ಹಾಗೆ ಗೋಡೆಗೆ ಅಂಟಿಕೊಳ್ಳುತ್ತಿದ್ದ. ಮಾತಾಡಿಸಿದರಂತೂ ಮುಗಿಯಿತು, ಕುತ್ತಿಗೆಯಿಂದ ಕಿವಿಯವರೆಗೆ ಕೆಂಪೇರಿಬಿಡುತ್ತಿತ್ತು.

ಬೇರೆ ಊರಿನಲ್ಲಾಗಿದ್ದರೆ ನಾಚಿಕೆಯ ಹುಡುಗ ಎಂದು ಬಿಡುತ್ತಿದ್ದರು. ನಮ್ಮೂರಿನಲ್ಲಿ ಹೆಣ್ಣಿನವರು ಬಂದು ಕೂತು, ಹುಡುಗಿ ತಲೆಯೆತ್ತಿ ಇವನನ್ನು ನೋಡಿದ ಗಳಿಗೆಗೇ ಇವನ ಕೆನ್ನೆ ಕೆಂಪಾಗುತ್ತಿತ್ತು. ಕಿಟಕಿಯ ಸಂದಿಯಲ್ಲಿ ಕಣ್ಣಿಟ್ಟುಕೊಂಡೇ ನಿಂತಿರುತ್ತಿದ್ದ ದುಂಡವ್ವ ‘ಕೆಂಪು!’ ಎಂದು ಕಿರುಚುತ್ತಿದ್ದಳು. ಬೀಗರಾಗಬೇಕಾದವರು ಚಪ್ಪಲಿ ಬಿಟ್ಟು ದಿಬ್ಬಕ್ಕೆ ಓಡುತ್ತಿದ್ದರು. ಅಲ್ಲಿಂದಲೇ ನೆಟ್ಟಗೆ ಅವರೂರಿಗೆ. ಆಮೇಲೆ ಹೇಳಿಕಳಿಸುವುದು ಒಂದೇ ಮಾತು: ಆ ಮನೆಯ ಬಿಲ್ಲೆ ಸತ್ತಿದೆ, ಅಲ್ಲಿಗೆ ಹೆಣ್ಣು ಕೊಟ್ಟು ಮಲಗಿಸಿಬಿಡೋಣವೇ? ಹೀಗೆ ಬಂದ ಹೆಣ್ಣೆಲ್ಲ ಓಡಿಹೋಗಿ ನನ್ನ ತಮ್ಮನ ಕಿವಿಯ ಮೇಲೆ ನರೆ ಕಾಣಿಸಿತು. ಆಮೇಲಾಮೇಲೆ ಅವನು ಚುರುಮುರಿ ಹಾಕಲು ಓಣಿಗೆ ಹೋಗುವಾಗಲೂ ಮುಖಕ್ಕೆ ಟವೆಲ್ ಸುತ್ತಿಕೊಳ್ಳತೊಡಗಿದ. ಒಂದು ದಿನ ಉಸುಕು ಜರಡಿ ಹಿಡಿಯುತ್ತಾ, “ಅಕ್ಕಾ, ಇನ್ನ ಯಾರನ್ನೂ ಕರೀಬ್ಯಾಡ. ನನಗ ಈ ಭಟ್ಟಿ ಸಾಕು” ಅಂದ. ಆ ದನಿ ಕೇಳಿ ನನಗೆ ಬೈಯಲೂ ಬಾಯಿ ಬರಲಿಲ್ಲ. ಅದೊಂದು ಸಲ ಮಾತ್ರ.

ನಮ್ಮ ಬಿಲ್ಲೆ ಸತ್ತಿದೆ ಎಂಬ ಮಾತು ಹರಡುತ್ತಾ ಹರಡುತ್ತಾ ಅದನ್ನು ಮಾಡಿದ ಕಲ್ಲಪ್ಪಜ್ಜನ ಕಿವಿಗೂ ಬಿತ್ತು. ನನ್ನ ಮದುವೆಯ ಬಿಲ್ಲೆ ಅವನದೇ ಕೈಯದು. ಒಂದು ಬೆಳಿಗ್ಗೆ ಕೋಲು ಊರಿಕೊಂಡು ಭಟ್ಟಿಗೆ ಬಂದವನೇ ಶುರು ಮಾಡಿದ.

“ಏ ತಂಗೆವ್ವಾ! ನನ್ನ ಬಿಲ್ಲಿ ಸತ್ತೈತಿ ಅಂತ ಊರ ತುಂಬ ಡಂಗುರ ಹೊಡಸೀಯಂತ?”

“ನಾ ಯಾಕ ಹೊಡಸಲಿ? ನನಗೇನ ಬ್ಯಾರೆ ಕೆಲಸಿಲ್ಲಾ? ಅಷ್ಟ ಅನುಮಾನ ಇದ್ರ ಒಳಗ ಹೋಗಿ ನೋಡಿ ಬಾ ಹೋಗಜ್ಜ!”

“ನಾ ಯಾಕ ನೋಡ್ಲಿ? ನಾ ಮಾಡಿದ ಬಿಲ್ಲಿ ನಾನ ನೋಡಿದ್ರ ನನಗ ಅನುಮಾನ ಬಂತು ಅಂದಂಗ ಆತು!”

“ಹಂಗಾರ ನೋಡಬ್ಯಾಡ! ಉಸುಕಿನ ಮ್ಯಾಲ ನಿಂತೀ, ಆಕಡಿ ಸರಿ!”

ಹೀಗೆ ಇಬ್ಬರೂ ಗಂಟಲು ಹರಿದುಕೊಂಡೆವು. ಯಮನಪ್ಪ ಅಕ್ಕಿ ಚೀಲದ ಹಿಂದೆ ಅಡಗಿದ್ದ. ಅಜ್ಜನ ಕಣ್ಣು ಅವನ ಮೇಲೆ ಬಿತ್ತು. ಸ್ವಲ್ಪ ಹೊತ್ತು ನೋಡಿದ. ಆಮೇಲೆ ದನಿ ತಗ್ಗಿಸಿ ಕೇಳಿದ: “ಇಂವ ಹೆಣ್ಮಕ್ಕಳನ್ನ ಕಂಡ್ರ ಅಷ್ಟ ಕೆಂಪಾಗ್ತಾನೋ, ಒಲಿ ಮುಂದ ಕುಂತ್ರೂ ಆಗ್ತಾನೋ?”

“ಹೆಣ್ಮಕ್ಕಳನ್ನ ಕಂಡ್ರ ಅಷ್ಟ.”

“ಹಂಗಾರ ಅದು ನಾಚಿಕಿ. ನನ್ನ ಬಿಲ್ಲಿ ಗಟ್ಟಿ ಐತಿ.” ಕೋಲನ್ನು ನೆಲಕ್ಕೆ ಕುಟ್ಟಿದ. “ಬರೂ ಸೋಮವಾರ ನನ್ನ ಮಗಳನ್ನ ಕರಕೊಂಡು ಬರ್ತೀನಿ. ನನ್ನ ಬಿಲ್ಲಿ ಕೆಳಗ ನಾನ ಕುಂದರತೀನಿ. ನಿನ್ನ ತಮ್ಮ ಬೇಕಾದಷ್ಟು ಕೆಂಪಾಗ್ಲಿ. ಯಾರರ ಕೂಗಿದ್ರ ಹಲ್ಲ ಉದುರಿಸತೀನಿ.”

ನನಗೆ ಕಿವಿ ನಂಬಲಾಗಲಿಲ್ಲ. ಅಜ್ಜನ ಮಗಳು ಕಸ್ತೂರೆವ್ವ ಅವನ ಜೊತೆ ಬಿಲ್ಲೆಯ ಕೆಲಸ ಮಾಡುವವಳು. ಬೆರಳ ತುದಿಗಳೆಲ್ಲ ನೇರಳೆ ಬಣ್ಣ, ಎಷ್ಟು ತೊಳೆದರೂ ಹೋಗದ್ದು. ಈ ಸೊಸೆ ಬಂದರೆ ದಿನಾ ನಮ್ಮ ಬಿಲ್ಲೆಯಲ್ಲಿ ಹುಳುಕು ತೆಗೆಯುತ್ತಾಳೆ ಎಂದು ಹೆದರಿ ಅವಳನ್ನೂ ಯಾರೂ ಕೇಳಿರಲಿಲ್ಲ. ಅವಳ ಮನೆಗೆ ವಾರವಾರ ಚುರುಮುರಿ ಹಾಕುವವನು ನಮ್ಮ ಯಮನಪ್ಪನೇ. ಹಿಂದೆ ತಿರುಗಿ ನೋಡಿದೆ. ಅಕ್ಕಿ ಚೀಲದ ಮೇಲೆ ಎರಡು ಕೆಂಪು ಕಿವಿ ಕಾಣುತ್ತಿದ್ದವು.

ದುಂಡವ್ವನ ಮನೆಗೆ ನಾನೇ ಹೋಗಿ ಎಚ್ಚರಿಕೆ ಕೊಟ್ಟು ಬಂದೆ. “ಸೋಮವಾರ ನನ್ನ ಮನ್ಯಾಗ ಏನ ಕಂಡ್ರೂ ನಿನ್ನ ಬಾಯಿ ಮುಚ್ಚಿರಬೇಕು.” ಅವಳು ಸೆರಗಿನಿಂದ ಬಾಯಿ ಮುಚ್ಚಿ ತೋರಿಸಿದಳು. ಅಕ್ಕಪಕ್ಕದವರಿಗೂ ಹೇಳಿದ್ದಾಯಿತು. ಎಲ್ಲರೂ ಒಪ್ಪಿದರು. ಪಾಪ, ಊರಿಗೇ ಅವನ ಮೇಲೆ ಕನಿಕರವಿತ್ತು.

ಸೋಮವಾರ ಬೆಳಿಗ್ಗೆ ನನ್ನ ಮೈಮೇಲೆ ದೇವರು ಬಂದಂತಾಗಿತ್ತು. ಹೋಳಿಗೆಗೆ ಹೂರಣ ರುಬ್ಬುತ್ತಾ, ಕಟ್ಟಿನ ಸಾರಿಗೆ ಒಗ್ಗರಣೆ ಹಾಕುತ್ತಾ, ನಡುನಡುವೆ ಯಮನಪ್ಪನಿಗೆ ಅಂಗಿ ಬದಲಿಸಲು ಬೈಯುತ್ತಾ ಇದ್ದೆ. ಗೂಳಪ್ಪ ಬಾಗಿಲಲ್ಲಿ ನಿಂತು, “ನಾ ಏನ ಮಾಡ್ಲಿ?” ಅಂದ.

“ಕಣ್ಣಿಲ್ಲೇನ್ರಿ ನಿಮಗ? ಮನ್ಯಾಗ ತಾಮ್ರದ್ದು ಏನೇನ ಐತಿ ಎಲ್ಲಾ ಹುಣಸಿಹಣ್ಣ ಹಾಕಿ ತಿಕ್ರಿ. ಮುಖ ಕಾಣಬೇಕು ಅದರಾಗ. ಎಲ್ಲಾ ಅಂದ್ರ ಎಲ್ಲಾ!” ಎಂದು ಹೇಳಿ ಹೂರಣದ ಕಡೆ ತಿರುಗಿದೆ. ಭಟ್ಟಿಗೆ ನೀರು ತರಲು ಹೋಗಿ ಬರುವಷ್ಟರಲ್ಲಿ ಹಂಡೆ, ಕೊಡ, ತಂಬಿಗೆ ಎಲ್ಲ ಹೊಳೆಯುತ್ತಿದ್ದವು. ಗಂಡ ಅಂದರೆ ಹೀಗಿರಬೇಕು ಎಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ. ಗಡಿಬಿಡಿಯಲ್ಲಿ ಸೋಮವಾರದ ‘ಹಾ’ ಕೂಡ ಮರೆತುಹೋಗಿತ್ತು, ತಲೆಯೆತ್ತಿ ಮೇಲೆ ನೋಡಲೂ ಇಲ್ಲ. ದಿನಾ ತಲೆಯ ಮೇಲಿರುವುದನ್ನು ಯಾರು ನೋಡುತ್ತಾರೆ?

ಅವತ್ತು ಹೊರಗೆ ಗಾಳಿ ಹೆಚ್ಚು. ಊಟದ ಎಲೆ ಹಾರದಿರಲೆಂದು ಬಾಗಿಲು ಕಿಟಕಿಗಳನ್ನೆಲ್ಲ ಗಟ್ಟಿಯಾಗಿ ಹಾಕಿದ್ದೆವು. ಮಧ್ಯಾಹ್ನದ ಹೊತ್ತಿಗೆ ಕಲ್ಲಪ್ಪಜ್ಜ ಮಗಳೊಂದಿಗೆ ಬಂದ. ನಮ್ಮದು ಅಡುಗೆಮನೆಯೂ ಪಡಸಾಲೆಯೂ ಒಂದೇ ಆಗಿರುವ ಮನೆ. ಅಜ್ಜ ಬಂದವನೇ ಒಲೆಗೆ ಬೆನ್ನು ಮಾಡಿ, ಬಿಲ್ಲೆಯ ನೇರ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತ. ಮೇಲೆ ಕತ್ತೆತ್ತಲೇ ಇಲ್ಲ. ಕಸ್ತೂರೆವ್ವ ನೋಡಹೋದರೆ, “ಏ, ಕಣ್ಣು ಕೆಳಗ! ಬೀಗರ ಮನಿಗೆ ಬಂದು ಬಿಲ್ಲಿ ನೋಡಬಾರದು” ಎಂದು ಗದರಿಸಿದ. ಅವಳು ನಕ್ಕು ಕಣ್ಣಿಳಿಸಿದಳು. ಇಳಿಸಿದ ಕಣ್ಣು ಯಮನಪ್ಪನ ಮೇಲೆ ಬಿತ್ತು.

“ವಾರಾವಾರಾ ನಮ್ಮ ಕಟ್ಟಿ ಮ್ಯಾಲ ಚುರುಮುರಿ ಇಟ್ಟು ಓಡಿಹೋಗೋ ಟವೆಲ್ ನೀವ ಏನು?” ಎಂದು ಕೇಳಿದಳು.

ಯಮನಪ್ಪ ನೆಲ ನೋಡುತ್ತಾ ತಲೆ ಆಡಿಸಿದ.

“ಟವೆಲ್ ಒಳಗ ಮುಖಾನೂ ಐತಿ ಅಂತ ಇವತ್ತ ಗೊತ್ತಾತು.”

ಸರಿ, ಹತ್ತಿಕೊಂಡಿತು ನನ್ನ ತಮ್ಮನ ಕೆನ್ನೆ. ಕಿಟಕಿಯ ಸಂದಿಯಲ್ಲಿ ದುಂಡವ್ವನ ಕಣ್ಣು ದೊಡ್ಡದಾಯಿತು. ನಾನು ಸೌಟು ಎತ್ತಿ ತೋರಿಸಿದೆ. ಕಣ್ಣು ಮಾಯವಾಯಿತು. ಅಜ್ಜ ತೊಡೆ ತಟ್ಟಿ ನಕ್ಕ. “ಆಗ್ಲಿ ಆಗ್ಲಿ, ಇನ್ನೂ ಕೆಂಪಾಗೋ ತಮ್ಮಾ! ಇದು ನನ್ನ ಬಿಲ್ಲಿ ಮನಿ.” ಆಮೇಲೆ ಕಸ್ತೂರೆವ್ವನ ಕೆನ್ನೆಯೂ ಸ್ವಲ್ಪ ಕೆಂಪಾಯಿತು. ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಎರಡೂ ಕಡೆ ಒಪ್ಪಿಗೆ ಅಂದುಕೊಂಡೆ. ಮತ್ತಷ್ಟು ಕಟ್ಟಿಗೆ ಒಲೆಗೆ ತುರುಕಿ ಹಂಚಿನ ಮೇಲೆ ಹೋಳಿಗೆ ಹಾಕಿದೆ.

ಅಜ್ಜ ತನ್ನ ಕಸುಬಿನ ಮಾತು ತೆಗೆದ. “ಬಂಗಾರ ಒಂದ ಇದ್ರ ನಿದ್ದಿ ಹೊಡಿತೈತಿ. ತಾಮ್ರ ಒಂದ ಇದ್ರ ನಾಕ ದಿನ ದುಡದು ಸುಸ್ತಾಕ್ಕೈತಿ. ಇಬ್ರನ್ನೂ ಕೂಡಿಸಿದ್ರ ನೋಡು, ಬಂಗಾರ ಕಳ್ಳನ ಕೊಳ್ಳಪಟ್ಟಿ ಹಿಡೀತೈತಿ, ತಾಮ್ರ ಗಾಳ್ಯಾಗಿಂದು ಬುತ್ತಿ ತಂದು ಅವನ ಬಾಯಾಗ ತುರಕತೈತಿ. ಹೊಟ್ಟಿ ತುಂಬಿದ ಕಳ್ಳ ಸಾಧು ಆಗಿ ಹೊಕ್ಕಾನ. ಯಾರ ತಂಟಿಗೂ ಬರೂದಿಲ್ಲ.” ಹೇಳುತ್ತಾ ಹೇಳುತ್ತಾ ಅವನ ಮಾತು ನಿಧಾನವಾಯಿತು. ನಮಗೆಲ್ಲ ಅದು ಬಹಳ ತಮಾಷೆಯೆನಿಸಿತು. ಯಮನಪ್ಪ ಯಾವತ್ತೂ ಇಲ್ಲದವನು ತಲೆಯೆತ್ತಿ ಕಸ್ತೂರೆವ್ವನನ್ನೇ ನೋಡುತ್ತಾ ಹಲ್ಲು ಬಿಟ್ಟಿದ್ದ. ಅವಳು ತನ್ನ ನೇರಳೆ ಬೆರಳುಗಳನ್ನು ತಾನೇ ಎಣಿಸುತ್ತಾ ನಗುತ್ತಿದ್ದಳು. ಹಂಚಿನ ಮೇಲೆ ಹೋಳಿಗೆ ಕಪ್ಪಾಗುತ್ತಿತ್ತು. ಅದರ ಅಂಚು ಎಷ್ಟು ಚಂದ ಎಂದು ನಾನು ನೋಡುತ್ತಾ ನಿಂತಿದ್ದೆ. ತಲೆಯೊಳಗೆ ಹತ್ತಿ ತುಂಬಿದ ಹಾಗೆ ಹಗುರ. ಜೀವನದಲ್ಲಿ ಅಷ್ಟು ಸುಖವಾಗಿ ನಾನು ನಿಂತದ್ದೇ ಇಲ್ಲ.

ಆಗ ಗೂಳಪ್ಪ ತುಪ್ಪದ ಗಿಂಡಿ ತರಲು ಹೋದ. ಅವನು ಆವರೆಗೆ ಹಿತ್ತಲಿನಲ್ಲಿ ಎಲೆ ತೊಳೆಯುತ್ತಿದ್ದವನು, ಆಗಷ್ಟೇ ಒಳಗೆ ಬಂದಿದ್ದ. ಗಿಂಡಿ ಹಿಡಿದು ಬರುವಾಗ ಅವನ ಕಾಲು ಕೊಡಕ್ಕೆ ತಾಗಿ, ಗಿಂಡಿ ಕೈ ಜಾರಿ, ಅಷ್ಟೂ ತುಪ್ಪ ನನ್ನ ಹೊಸ ಇಳಕಲ್ ಸೀರೆಯ ಮೇಲೆ ಸುರಿಯಿತು. ಅವನು ಎರಡೂ ಕೈ ತಲೆಯ ಮೇಲಿಟ್ಟು, ಕಣ್ಣು ಮುಚ್ಚಿ, ಬೈಗಳಿಗೆ ಸಿದ್ಧನಾಗಿ ನಿಂತ.

ನಾನು ಅವನ ಗಲ್ಲ ಮುಟ್ಟಿ, “ಇರಲಿ ಬಿಡ್ರಿ. ಸೀರಿಗೂ ಹಸಿವಾಗಿರತೈತಿ” ಎಂದು ನಕ್ಕೆ.

ಗೂಳಪ್ಪ ಒಂದು ಕಣ್ಣು ತೆರೆದ. ಆಮೇಲೆ ಇನ್ನೊಂದು ತೆರೆದ. ನನ್ನ ಮುಖ ನೋಡಿದ. ಅವನ ಬಾಯಿಂದ ಅಂಥ ಕೂಗು ಬರಬಹುದೆಂದು ನನಗಂತೂ ಗೊತ್ತಿರಲಿಲ್ಲ.

“ಕೆಂಪು! ಕೆಂಪು! ತಂಗೆವ್ವ ಬೈಲಿಲ್ಲ! ಯಪ್ಪಾ, ತಂಗೆವ್ವ ಬೈಲಿಲ್ಲ! ಕೆಂಪು!”

ಅಜ್ಜ ಹಲ್ಲು ಉದುರಿಸಲು ಏಳಹೋದ, ಏಳಲಾಗಲಿಲ್ಲ. ಗೂಳಪ್ಪ ಹಂಡೆಯ ನೀರನ್ನೆಲ್ಲ ಒಲೆಗೆ ಎತ್ತಿ ಹಾಕಿ, ಬಾಗಿಲು ಒದ್ದು ತೆರೆದು, ಅಜ್ಜನನ್ನು ಅಕ್ಕಿ ಚೀಲದ ಹಾಗೆ ಹೆಗಲಿಗೇರಿಸಿಕೊಂಡು, ನನ್ನನ್ನು ಜುಟ್ಟು ಹಿಡಿದು ಎಳೆದುಕೊಂಡು ಹೊರಬಿದ್ದ. ಕಸ್ತೂರೆವ್ವನನ್ನು ಯಮನಪ್ಪ ಎಬ್ಬಿಸಿದನೋ, ಅವನನ್ನು ಅವಳು ಎಬ್ಬಿಸಿದಳೋ, ಇಬ್ಬರೂ ಒಬ್ಬರಿಗೊಬ್ಬರು ಜೋತುಬಿದ್ದುಕೊಂಡು ಬಂದರು. ಕೂಗು ಕೇಳಿ ಓಣಿಯವರೆಲ್ಲ ಬಂದರು. ಎಲ್ಲರಿಗಿಂತ ಮುಂದೆ ದುಂಡವ್ವ, “ನಾ ಆವಾಗ್ಲೇ ನೋಡಿದ್ದೆ, ನಾ ಆವಾಗ್ಲೇ ನೋಡಿದ್ದೆ” ಎನ್ನುತ್ತಾ.

ದಿಬ್ಬದ ಗಾಳಿ ಮುಖಕ್ಕೆ ಹೊಡೆಯಿತು. ತಲೆ ಸಿಡಿಯತೊಡಗಿತು. ಅಜ್ಜ ಕಲ್ಲಿಗೆ ಒರಗಿ ಏದುಸಿರು ಬಿಟ್ಟ. ಸ್ವಲ್ಪ ಹೊತ್ತಾದ ಮೇಲೆ ನಾನು ಬಗ್ಗಿ ನನ್ನ ಸೀರೆ ನೋಡಿಕೊಂಡೆ. ಹೊಸ ಸೀರೆ. ತುಪ್ಪ.

“ಕೈಗೇನ ಲಕ್ವಾ ಹೊಡದೈತೇನ್ರಿ ನಿಮಗ? ಇಡೀ ಗಿಂಡಿ ನನ್ನ ಮ್ಯಾಲ ಸುರವೀರೆಲ್ಲ! ಕಣ್ಣ ಹಿಂದ ಹಚ್ಚಿಕೊಂಡೀರೇನು? ಮ್ಯಾಲ ಜುಟ್ಟಾ ಹಿಡದು ಎಳೀತೀರಿ!”

ಗೂಳಪ್ಪ ಅಲ್ಲೇ ಕುಸಿದು ಕೂತು ಅತ್ತುಬಿಟ್ಟ. “ಬಂತು,” ಅಂದ ಜನರ ಕಡೆ ತಿರುಗಿ. “ಆಕಿಗೆ ಜೀವ ಬಂತು.”

ಓಣಿಯವರೆಲ್ಲ ಗೊಳ್ಳೆಂದು ನಕ್ಕರು. ಅಜ್ಜ ಮಾತ್ರ ನಗಲಿಲ್ಲ. “ನನ್ನ ಬಿಲ್ಲಿ ಹೆಂಗ ಸತ್ತೀತು?” ಎಂದು ಗಡ್ಡ ಹಿಡಿದು ತನಗೆ ತಾನೇ ಕೇಳಿಕೊಂಡ. ಅವನ ಮುಖ ನೋಡಲಾಗುತ್ತಿರಲಿಲ್ಲ. ಗೂಳಪ್ಪ ಕಟ್ಟಳೆಯನ್ನೂ ಮರೆತು ಮತ್ತೆ ಮನೆಗೆ ಓಡಿ, ಉಸಿರು ಬಿಗಿಹಿಡಿದು ಒಳಹೋಗಿ, ಬಿಲ್ಲೆಯನ್ನು ಬಿಚ್ಚಿಕೊಂಡು ಬಂದ. ನಾವೆಲ್ಲ ನೋಡಿದೆವು. ಬಿಲ್ಲೆ ಬೆಳಗಿದ ತಂಬಿಗೆಯ ಹಾಗೆ ಫಳಫಳ ಎನ್ನುತ್ತಿತ್ತು. ಅಜ್ಜ ಅದನ್ನು ಮೂಗಿಗೆ ಹಿಡಿದ.

“ಹುಣಸಿಹಣ್ಣು!” ಎಂದು ಕೂಗಿದ.

ನಾನು ಗಂಡನ ಕಡೆ ತಿರುಗಿದೆ. ಅವನು ಒಂದು ಹೆಜ್ಜೆ ಹಿಂದೆ ಸರಿದ. “ನೀನ ಹೇಳಿದೆಲ್ಲ, ಮನ್ಯಾಗ ತಾಮ್ರದ್ದು ಏನೇನ ಐತಿ ಎಲ್ಲಾ ತಿಕ್ರಿ ಅಂತ. ಬಿಲ್ಲ್ಯಾಗೂ ತಾಮ್ರ ಐತಿ. ಮುಟ್ಟಬಾರದು ಅಂತ ನನಗೂ ಗೊತ್ತಿತ್ತು. ಖರೆ ನೀ ಎಲ್ಲಾ ಅಂದ್ರ ಎಲ್ಲಾ ಅಂದಿ.”

ಇದಕ್ಕೆ ನಾನೇನು ಹೇಳಲಿ? ಬಾಯಿ ತೆರೆದೆ, ಮುಚ್ಚಿದೆ. ದುಂಡವ್ವ ನನ್ನ ಕೆನ್ನೆ ಪರೀಕ್ಷಿಸಲು ಹತ್ತಿರ ಬಂದಳು.

ಅಜ್ಜನಿಗೆ ಮಾತ್ರ ಜೀವ ಬಂದಿತ್ತು. “ಸತ್ತಿಲ್ಲ! ನನ್ನ ಬಿಲ್ಲಿ ಸತ್ತಿಲ್ಲ! ಮ್ಯಾಲಿನ ಕರಿ ತೊಗಲ ತಿಕ್ಕಿ ತಗದಾನ, ಅಷ್ಟ. ಆ ಕರೀದ ತಾಮ್ರದ ಬುತ್ತಿಗಂಟು. ಒಳಗ ಇನ್ನೂ ತಾಮ್ರ ಐತಿ. ತಾಮ್ರಕ್ಕ ಗಾಳಿ ಅಂದ್ರ ಆಶಿ; ಬೆಚ್ಚಗ ಇಟ್ಟು ಗಾಳಿಗೆ ಹಿಡದ್ರ ತಾನ ಮ್ಯಾಲ ಬರತೈತಿ. ಖರೆ ಕಾವು ಹೆಚ್ಚಾಗಬಾರದು. ಹೆಚ್ಚಾದ್ರ ಪುಡಿ ಪುಡಿ ಕೂಡಿ ಗಡ್ಡಿ ಕಟ್ಟತಾವು, ಆವಾಗ ದಡ್ಡ ಬಂಗಾರ ಆಗಿ ಖರೇನ ಸಾಯತೈತಿ. ನಡೀರಿ ಮನಿಗೆ.”

ಆದರೆ ನಡೆಯುವುದು ಹೇಗೆ? ಕಟ್ಟಳೆ ಇತ್ತಲ್ಲ. ದುಂಡವ್ವ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡುತ್ತಾ ಬಂದಳು. ಅಜ್ಜನ ಕೆನ್ನೆ ಇಳಿದಿತ್ತು. ನನ್ನದೂ ಇಳಿದಿತ್ತು. ಕೊನೆಗೆ ದಿಬ್ಬದ ಅಂಚಿನಲ್ಲಿ ನಿಂತಿದ್ದ ಯಮನಪ್ಪ ಮತ್ತು ಕಸ್ತೂರೆವ್ವನ ಮುಂದೆ ನಿಂತುಬಿಟ್ಟಳು. ಇಬ್ಬರ ಕೆನ್ನೆಯೂ ಕೆಂಡ.

ಕಾದೆವು. ಗಾಳಿ ಬೀಸುತ್ತಲೇ ಇತ್ತು. ಜನ ಸೆರಗಿನಿಂದ, ರುಮಾಲಿನಿಂದ ಅವರಿಬ್ಬರಿಗೂ ಗಾಳಿ ಹಾಕಿದರು. ಬೀಸಿದಷ್ಟೂ ಇನ್ನಷ್ಟು ಕೆಂಪಾಯಿತು. ಒಬ್ಬರ ಮುಖ ಒಬ್ಬರಿಗೆ ಕಾಣದ ಹಾಗೆ ತಿರುಗಿಸಿ ನಿಲ್ಲಿಸಿ ಎಂದು ಯಾರೋ ಹೇಳಿದರು. ತಿರುಗಿಸಿದೆವು. ಕಸ್ತೂರೆವ್ವ ಬೆನ್ನು ತಿರುಗಿಸಿಕೊಂಡೇ, “ಟವೆಲ್ ತರಲಿಲ್ಲೇನ್ರಿ ಇವತ್ತ?” ಅಂದಳು. ಯಮನಪ್ಪನ ಕಿವಿ ಹಿಂದಿನಿಂದಲೂ ಹೊಳೆಯಿತು. ಅವನು ಹುಟ್ಟಿದಂದಿನಿಂದ ಮನೆಯಾಚೆಯ ಹೆಣ್ಣೊಬ್ಬಳಿಗೆ ಕೊಟ್ಟ ಮೊದಲ ಉತ್ತರ ಆಗ ಬಂತು: “ಇನ್ನ ಬ್ಯಾಡ ಅನಸ್ತು.”

ಓಣಿಯವರ ಹೊಟ್ಟೆ ಚುರುಗುಟ್ಟುತ್ತಿತ್ತು. ಎಲ್ಲರ ಅಡುಗೆಯೂ ಅರ್ಧಕ್ಕೆ ನಿಂತಿತ್ತು. “ಇವರದು ಇಳಿಯೂತನಾ ನಾವು ಉಪವಾಸ ಇರಬೇಕೇನವ್ವಾ?” ಎಂದು ಒಬ್ಬ ಮುದುಕ ಕೇಳಿದ. ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ಇದೇ ಕೆಂಪಿಗಾಗಿ ನನ್ನ ತಮ್ಮ ಮುಖ ಮುಚ್ಚಿಕೊಂಡು ತಿರುಗಿದ್ದ. ಕಲ್ಲಿನ ಮೇಲೆ ಹತ್ತಿ ನಿಂತೆ.

“ಕೇಳ್ರಿ ಎಲ್ಲಾರೂ! ಇದು ಕಳ್ಳಗಾಳಿ ಕೆಂಪಲ್ಲ. ಅದು ದಿಬ್ಬ ಹತ್ತಿದ್ರ ಇಳೀತೈತಿ, ಇದು ಇಳಿಯಂಗಿಲ್ಲ. ಇಳಿಯದ ಕೆಂಪಿಗೆ ಕಟ್ಟಳಿ ಇಲ್ಲ. ಇದ್ರ ತೋರಿಸ್ರಿ! ಅಜ್ಜಾ, ನೀ ಏನಂತಿ?”

ಅಜ್ಜ ಮಗಳ ಮುಖ ನೋಡಿದ. ಅವಳು ನೇರಳೆ ಬೆರಳುಗಳಿಂದ ಕೆನ್ನೆ ಮುಚ್ಚಿಕೊಂಡಳು. “ಸಕ್ಕರಿ ಹಂಚ್ರಿ” ಎಂದು ಅಜ್ಜ ಅಪ್ಪಣೆ ಕೊಟ್ಟ. ದಿಬ್ಬದ ಮೇಲೆ ಸಕ್ಕರೆ ಎಲ್ಲಿಂದ ಬರಬೇಕು? ಗೂಳಪ್ಪ ಭಟ್ಟಿಗೆ ಓಡಿ ಒಂದು ಚೀಲ ಚುರುಮುರಿ ಹೊತ್ತು ತಂದ. ನಿಶ್ಚಯಕ್ಕೆ ಚುರುಮುರಿ ಹಂಚಿದವರು ಜಗತ್ತಿನಲ್ಲಿ ನಾವೇ ಮೊದಲಿರಬೇಕು. ಗಾಳಿಗೆ ಅರ್ಧ ಹಾರಿಹೋಯಿತು, ಉಳಿದದ್ದನ್ನು ಜನ ಮುಕ್ಕಿದರು.

ದುಂಡವ್ವ ಮಾತ್ರ ಹಟ ಬಿಡಲಿಲ್ಲ. ಕೆನ್ನೆ ಕೆಂಪಿದ್ದವರು ಮನೆಯೊಳಗೆ ಹೋಗುವಂತಿಲ್ಲ ಎಂದಳು. “ಹೋಗೂದು ಬ್ಯಾಡ, ಭಟ್ಟಿ ಚಪ್ಪರ ಬೈಲಾಗ ಐತಿ, ಅಲ್ಲೇ ಕುಂತು ಬಿಲ್ಲಿ ಕಾಸಲಿ” ಅಂದೆ. ಉಸುಕಿನಲ್ಲಿ ಬೆಳಗಿನ ಕಾವು ಇನ್ನೂ ಇತ್ತು. ಬಿಲ್ಲೆಯನ್ನು ಅದರ ಮೇಲಿಟ್ಟು ಆಚೆಗೊಬ್ಬರು ಈಚೆಗೊಬ್ಬರು ಕೂತರು. ಯಮನಪ್ಪ ಉಸುಕಿನಲ್ಲಿ ಕೈಯಾಡಿಸಿ, “ಇಲ್ಲಿ ಕಾವು ಜಾಸ್ತಿ, ಈಕಡಿ ಸರಸ್ರಿ” ಎನ್ನುತ್ತಿದ್ದ. ಅವಳು ಬಿಲ್ಲೆಯ ಬಣ್ಣ ನೋಡಿ, “ಇನ್ನೂ ಸ್ವಲ್ಪ” ಎನ್ನುತ್ತಿದ್ದಳು. ನೋಡುತ್ತಾ ನೋಡುತ್ತಾ ಆ ಫಳಫಳ ಮಂಕಾಯಿತು. ಒಳಗಿನಿಂದ ಮೆಲ್ಲಗೆ ಒಂದು ಕೆಂಪು ಎದ್ದು ಬಂತು, ಕೆಂಪು ಕಂದಾಯಿತು, ಕಂದು ಕಪ್ಪಾಯಿತು. ಆ ಕೆಂಪು ಎದ್ದಾಗ “ನಿಮ್ಮಂಗನ ಆತ ನೋಡ್ರಿ” ಎಂದು ಕಸ್ತೂರೆವ್ವ ಅವನಿಗೆ ಹೇಳಿದ್ದು ಗೋಡೆಯಾಚೆ ಇದ್ದ ನನಗೆ ಕೇಳಿಸಿತು.

ಸಂಜೆಯ ಬೆಳಕಿರುವಾಗಲೇ ಬಿಲ್ಲೆಯನ್ನು ಮತ್ತೆ ತೂಗುಹಾಕಿದೆವು. ಅದು ಬದುಕಿದೆಯೋ ಇಲ್ಲವೋ ನೋಡಬೇಕಲ್ಲ? ಅಜ್ಜ ನನ್ನೊಬ್ಬಳನ್ನೇ ಒಲೆ ಹೊತ್ತಿಸಿ ಒಳಗೆ ಕೂರಿಸಿದ. ಉಳಿದವರೆಲ್ಲ ಅಗುಳಿ ಹಾಕದ ಬಾಗಿಲ ಹೊರಗೆ ಕಿವಿಗೊಟ್ಟು ನಿಂತರು. ಅಜ್ಜ ಹೊರಗಿನಿಂದ ಕೇಳುತ್ತಿದ್ದ: “ತಂಗೆವ್ವಾ, ಸಿಟ್ಟು ಬರತೈತೇನು?”

“ಬರತೈತಿ!”

ಸ್ವಲ್ಪ ಹೊತ್ತು ಬಿಟ್ಟು ಮತ್ತೆ, “ಇನ್ನೂ ಬರತೈತೇನು?”

“ನನ್ನ ಸೀರಿ ಹಾಳಾತು, ಹೋಳಗಿ ಸೀದುಹೋತು, ನನ್ನ ಒಬ್ಬಾಕಿನ್ನ ಒಳಗ ಕೂಡಸಿ ಹೊರಗ ನಿಂತು ನಗತೀರಿ, ಬರದ ಏನ ಮಾಡತೈತಿ!”

“ಬಿಲ್ಲಿ ಬದುಕೇತಿ!” ಎಂದು ಅಜ್ಜ ಘೋಷಿಸಿದ. ಹೊರಗೆ ಎಲ್ಲರೂ ಕೇಕೆ ಹಾಕಿದರು.

ಮದುವೆ ಮುಗಿಯಿತು. ಅವರ ಬಿಲ್ಲೆಗೆ ತಾಮ್ರ ಕೊಟ್ಟವಳು ನಾನು, ಬಂಗಾರ ಅಜ್ಜನದು. ಮಾಡಿದ್ದು ಮಾತ್ರ ಮದುಮಕ್ಕಳೇ, ನನ್ನ ಭಟ್ಟಿಯ ಉಸುಕಿನಲ್ಲಿ. ಅರಿಶಿನ ಕೊಂಬಿನ ತಾಳಿ ಕಟ್ಟುವಾಗ ಯಮನಪ್ಪ ಎಂದಿನಂತೆ ಕಿವಿಯವರೆಗೆ ಕೆಂಪಾದ. ಮಂಟಪದ ತುಂಬ ಜನ ಇದ್ದರು. ದುಂಡವ್ವ ಅಭ್ಯಾಸಬಲದಿಂದ ಬಾಯಿ ತೆರೆದಳು, ನನ್ನನ್ನು ನೋಡಿದಳು, ಅಕ್ಷತೆಯ ಕಾಳು ಬಾಯಿಗೇ ಹಾಕಿಕೊಂಡಳು. ಯಾರೂ ಕೂತಲ್ಲಿಂದ ಏಳಲಿಲ್ಲ.

ಗೂಳಪ್ಪ ಈಗಲೂ ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುತ್ತಾನೆ. ಒಂದು ಚಟ ಮಾತ್ರ ಹೊಸದು. ನಾನು ಅರ್ಧ ತಾಸು ಸುಮ್ಮನಿದ್ದರೆ ಸಾಕು, ಎಲ್ಲಿದ್ದರೂ ಬಂದು ನನ್ನ ಕೆನ್ನೆಯನ್ನು ಬಗ್ಗಿ ನೋಡುತ್ತಾನೆ, ಆಮೇಲೆ ಮೇಲಿನ ಬಿಲ್ಲೆ ನೋಡುತ್ತಾನೆ, ಆಮೇಲೆ ಮೆಲ್ಲಗೆ ಬಾಗಿಲು ತೆರೆದಿಡುತ್ತಾನೆ. “ಗಾಳಿಗೆ ಹಿಟ್ಟ ಹಾರತೈತಿ, ಬಾಗಲಾ ಹಾಕ್ರಿ, ಕಣ್ಣ ಕಾಣೂದಿಲ್ಲೇನು!” ಎಂದು ನಾನು ಕೂಗಿದ ಮೇಲೇ ಅವನು ಉಸಿರು ಬಿಟ್ಟು, ನಗುತ್ತಾ ಬಾಗಿಲು ಹಾಕಿಕೊಂಡು ಹೋಗುವುದು.